ಪಥ್ಯದ ಪುಸ್ತಕ

"ಒಂದೇ ಒಂದು ಚೂರು, ಡಾಕ್ಟ್ರೇ. ಅದೂ ಪಾಪ ಅಂತ."

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ವೈದ್ಯೆಯ ಹಣೆಯಲ್ಲಿ ಒಂದು ನರ ಬಿಗಿಯುತ್ತಿತ್ತು. ನಾಯಿಗಳ ಚರ್ಮರೋಗಕ್ಕೆ ಚಿಕಿತ್ಸೆ ನೀಡುವುದು ಅವಳ ವೃತ್ತಿ. ಹನ್ನೊಂದು ವರ್ಷಗಳಲ್ಲಿ ಕಿವಿ ಕೆರೆದು ರಕ್ತ ಬರಿಸಿಕೊಂಡ ನಾಯಿಗಳನ್ನು ಅವಳು ನೋಡಿದ್ದಳು. ಪಾದ ನೆಕ್ಕಿ ನೆಕ್ಕಿ ಕಂದಾಗಿಸಿಕೊಂಡವನ್ನು, ಹೊಟ್ಟೆಯ ರೋಮವೆಲ್ಲ ಉದುರಿ ಚರ್ಮ ದಪ್ಪಗಟ್ಟಿದವನ್ನು ನೋಡಿದ್ದಳು. ಅವುಗಳಲ್ಲಿ ಒಂದಾದರೂ ಅವಳಿಗೆ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳುವವರು ಯಾವಾಗಲೂ ಹಗ್ಗದ ಇನ್ನೊಂದು ತುದಿಯಲ್ಲಿರುತ್ತಿದ್ದರು.

ಆ ಶನಿವಾರ ಹಾಗೆ ಹೇಳಿದ ಹೆಂಗಸಿನ ಬಿಳಿಯ ನಾಯಿಗೆ ಏಳು ವಾರಗಳ ಪಥ್ಯ ಮುಗಿದಿತ್ತು. ಇನ್ನೊಂದೇ ವಾರ ತಡೆದುಕೊಂಡಿದ್ದರೆ ಆ ಪ್ರಾಣಿಯ ಮೈಗೆ ಯಾವ ಆಹಾರ ಒಗ್ಗುವುದಿಲ್ಲವೆಂಬುದು ಸ್ಪಷ್ಟವಾಗುತ್ತಿತ್ತು. ಬಿಸ್ಕತ್ತಿನ ಒಂದು ಚೂರಿಗೆ ಏಳು ವಾರವೂ ಮಣ್ಣುಪಾಲಾಯಿತು. ವೈದ್ಯೆ ಏರುದನಿಯಲ್ಲಿ ಮಾತನಾಡುವವಳಲ್ಲ. ಮತ್ತೆ ಮೊದಲಿನಿಂದ ಶುರು ಮಾಡಬೇಕೆಂದಷ್ಟೇ ಹೇಳಿ ಕಳುಹಿಸಿ, ಕೈ ತೊಳೆಯುವ ನಲ್ಲಿಯನ್ನು ಅಗತ್ಯಕ್ಕಿಂತ ಜೋರಾಗಿ ತಿರುಗಿಸಿದಳು. ಮನುಷ್ಯರು ಪ್ರೀತಿಯ ಹೆಸರಿನಲ್ಲಿ ಎಸಗುವಷ್ಟು ಅನ್ಯಾಯವನ್ನು ಇನ್ನಾವ ಹೆಸರಿನಲ್ಲಿಯೂ ಎಸಗುವುದಿಲ್ಲವೆಂದು ಅವಳು ನಂಬಿದ್ದಳು. ಆ ನಂಬಿಕೆಯನ್ನು ಅಲ್ಲಗಳೆಯುವಂಥ ಒಬ್ಬನೂ ಆ ಬಾಗಿಲಿನಿಂದ ಒಳಗೆ ಬಂದಿರಲಿಲ್ಲ.

ಅದೇ ಬಿಗಿದ ಹಣೆಯಲ್ಲಿ ಅವಳು ಮುಂದಿನವರನ್ನು ಕರೆದಳು.

ಒಳಗೆ ಬಂದವನು ಎರಡು ಬೀದಿಯಾಚೆ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತು, ಅಂಗಿಯ ತೋಳಿಗೆ ಅಂಟಿಕೊಂಡ ದಾರದ ತುಂಡು. ಅವನ ಹಿಂದೆ, ಹೆಜ್ಜೆಗೊಮ್ಮೆ ನಿಂತು ಕಿವಿ ಕೆರೆದುಕೊಳ್ಳುತ್ತ ಬಂದ ನಾಯಿಯ ಬಣ್ಣವೂ ರಟ್ಟಿನದು, ಹೆಸರೂ ರಟ್ಟು.

ಏನು ತಿನ್ನಿಸುತ್ತೀರಿ ಎಂದು ಕೇಳಿದರೆ, ನಾವು ತಿನ್ನುವುದನ್ನೇ ಎಂದು ಎಲ್ಲರೂ ತೇಲಿಸಿಬಿಡುತ್ತಿದ್ದರು. ಬೈಂಡರ್ ಮಾತ್ರ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದ. ಹದಿನೈದು ದಿನಗಳ ಪಟ್ಟಿ; ಮುತ್ತಿನಂಥ ಅಕ್ಷರ. ಬ್ರೆಡ್ಡು, ಹಾಲು, ಮಾಂಸದ ಬಿಸ್ಕತ್ತು, ಕೆಳಗೆ ಬಿದ್ದ ಬಟಾಣಿ, ಎಲ್ಲವೂ ಅದರಲ್ಲಿತ್ತು. ಕೊನೆಯ ಎರಡು ಸಾಲನ್ನು ಓದುವಾಗ ವೈದ್ಯೆಯ ಕಣ್ಣು ನಿಂತಿತು: 'ಮಂಗಳವಾರ: ದೊಡ್ಡಮ್ಮನ ಎಡಗಾಲಿನ ಚಪ್ಪಲಿ, ಅರ್ಧ. ಬುಧವಾರ: ಉಳಿದರ್ಧ.'

"ಇದನ್ನೂ ಬರೆದಿದ್ದೀರಲ್ಲ," ಎಂದಳು.

"ತಿಂದದ್ದು ನಿಜ ತಾನೇ, ಡಾಕ್ಟ್ರೇ. ನಾನು ಬಿಟ್ಟರೂ ದೊಡ್ಡಮ್ಮ ಬಿಡ್ತಿರಲಿಲ್ಲ. ಪಕ್ಕದಲ್ಲಿ ಕೂತು ಬರೆಸಿದ್ದು ಅವರೇ."

ಹಣೆಯ ನರ ತಾನಾಗಿಯೇ ಸಡಿಲಿತು. ಅದನ್ನು ಅವನು ಗಮನಿಸಿದನೆಂಬುದನ್ನು ಅವಳೂ ಗಮನಿಸಿದಳು. ತಟ್ಟನೆ ನಾಯಿಯ ಕಿವಿಯ ಕಡೆಗೆ ಬಾಗಿದಳು.

ರಟ್ಟುವಿಗೆ ಅಲ್ಲಿಯವರೆಗೆ ಆರು ಆಸ್ಪತ್ರೆಗಳಲ್ಲಿ ಆರು ಇಂಜೆಕ್ಷನ್ ಆಗಿತ್ತು. ಪ್ರತಿ ಸಲವೂ ತುರಿಕೆ ಹತ್ತು ದಿನ ಮಲಗಿ, ಹನ್ನೊಂದನೆಯ ದಿನ ಎದ್ದು ಕೂರುತ್ತಿತ್ತು. ಬಾಗಿಲು ಬಡಿಯುವವನ ಕೈಗಳನ್ನು ಕಟ್ಟಿಹಾಕಿ, ಹೊರಗೆ ಯಾರೂ ಬಂದಿಲ್ಲವೆಂದು ಹೇಳುವಂಥ ಈ ವೈದ್ಯವನ್ನು ಅವಳು ಸಹಿಸಳು. ಅಲರ್ಜಿಗೆ ಮೂರು ದಾರಿಗಳಿವೆಯೆಂದು ಅವಳು ಬೈಂಡರನಿಗೆ ತಿಳಿಯಹೇಳಿದಳು. ಚಿಗಟ ಕಚ್ಚಿದಾಗ ಅದರ ಎಂಜಲಿನಿಂದ ಬರುವುದು ಒಂದು. ತಿನ್ನುವ ಆಹಾರದಿಂದ ಬರುವುದು ಇನ್ನೊಂದು. ಧೂಳು, ಹುಲ್ಲು, ಹೂವಿನ ಪರಾಗದಿಂದ ಬರುವುದು ಮೂರನೆಯದು. ಮೂರಕ್ಕೂ ತುರಿಕೆ ಒಂದೇ, ಮದ್ದು ಮಾತ್ರ ಬೇರೆ ಬೇರೆ. ಆದ್ದರಿಂದ ಒಂದೊಂದೇ ದಾರಿಯನ್ನು ಮುಚ್ಚುತ್ತ ಹೋಗಬೇಕು. ಮೊದಲೆರಡರಲ್ಲಿ ಉತ್ತರ ಸಿಗದಿದ್ದರೆ ಮೂರನೆಯದೇ ಎಂದು ತೀರ್ಮಾನಿಸಬೇಕಾಗುತ್ತದೆ. ಆಗ ರಟ್ಟು ಬದುಕಿರುವಷ್ಟು ಕಾಲವೂ ಔಷಧ ತಪ್ಪುವುದಿಲ್ಲ.

"ಅಂದ್ರೆ ನಾವು ತಪ್ಪು ಮಾಡಿದ್ರೆ ಅವನು ಜೀವನ ಪೂರ್ತಿ ಮಾತ್ರೆ ನುಂಗಬೇಕು," ಎಂದ ಬೈಂಡರ್.

"ಹೌದು. ಅದಕ್ಕೇ ತಪ್ಪು ಮಾಡೋ ಹಾಗಿಲ್ಲ."

ಮೊದಲ ಮೂರು ವಾರ ಚಿಗಟದ ಸರದಿ. ಕುತ್ತಿಗೆಗೆ ಔಷಧದ ಹನಿ ಬಿತ್ತು, ಹಾಸಿಗೆ ಬಟ್ಟೆ ಕುದಿಯುವ ನೀರು ಕಂಡಿತು, ಕಿವಿಯ ಸೋಂಕು ಗುಣವಾಯಿತು. ಹತ್ತರಲ್ಲಿ ಒಂಬತ್ತಿದ್ದ ತುರಿಕೆ ಎಂಟಕ್ಕಿಳಿಯಿತು, ಅಷ್ಟೇ. ಆಮೇಲೆ ಎಂಟು ವಾರಗಳ ಪಥ್ಯ. ರಟ್ಟು ಹುಟ್ಟಿದಂದಿನಿಂದ ಮುಟ್ಟದಿದ್ದ ಒಂದು ಜಾತಿಯ ಮೀನು, ಬೇಯಿಸಿದ ಗೆಣಸು, ನೀರು. ಅದರ ಹೊರತಾಗಿ ಒಂದು ಅಗುಳೂ ಇಲ್ಲ. ರುಚಿ ಬೆರೆಸಿದ ಮಾತ್ರೆಯಿಲ್ಲ, ಟೂತ್‌ಪೇಸ್ಟಿಲ್ಲ, ಅಗಿಯುವ ಮೂಳೆಯಿಲ್ಲ. ಇಪ್ಪತ್ತೊಂದು ನಿಷೇಧಗಳ ಪಟ್ಟಿಯನ್ನು ವೈದ್ಯೆಯೇ ಬರೆದು ಅಚ್ಚು ಹಾಕಿಸಿದ್ದಳು. ಅದರಲ್ಲಿ ಒಂದು ಲೋಪವಿರಬಹುದೆಂಬ ಅನುಮಾನ ಅವಳಿಗೆ ಎಂದೂ ಬಂದಿರಲಿಲ್ಲ.

ದಿನಚರಿ ಬರೆಯಲು ಆಸ್ಪತ್ರೆಯಿಂದ ಕೊಡುತ್ತಿದ್ದ ಬಿಡಿ ಹಾಳೆಗಳನ್ನು ಬೈಂಡರ್ ವಿನಯದಿಂದಲೇ ಹಿಂದಿರುಗಿಸಿದ. ಮರುವಾರ ಬಂದಾಗ ಅವನ ಕೈಯಲ್ಲಿ ನೀಲಿ ಬಟ್ಟೆಯ ಹೊದಿಕೆಯ, ದಾರದಲ್ಲಿ ಹೊಲಿದ ಪುಟ್ಟ ಪುಸ್ತಕವಿತ್ತು. ಮೂರು ಕಾಲಮ್ಮು: ದಿನ, ಬಾಯಿಗೆ ಹೋದದ್ದು, ತುರಿಕೆ. ಮೊದಲ ಪುಟದಲ್ಲಿ 'ರಟ್ಟುವಿನ ಪಥ್ಯದ ಪುಸ್ತಕ' ಎಂಬ ಶೀರ್ಷಿಕೆ.

ವೈದ್ಯೆ ಶಾಲೆಯ ಮೇಷ್ಟರ ಹಾಗೆ ಕೆಂಪು ಪೆನ್ಸಿಲ್ ಹಿಡಿದು ಓದತೊಡಗಿದಳು.

'ಗುರುವಾರ. ಬೆಳಿಗ್ಗೆ: ಮೀನು, ಗೆಣಸು. ಸಂಜೆ: ಮೀನು, ಗೆಣಸು, ನನ್ನ ಕಡೆಗೆ ಒಂದು ನೋಟ. ನೋಟವನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ.'

ಅದರ ಕೆಳಗೆ ಅವಳು 'ಅನಗತ್ಯ' ಎಂದು ಬರೆದಳು.

ಮುಂದಿನ ಶನಿವಾರ ಅದೇ ಪುಟದ ಅಂಚಿನಲ್ಲಿ ಹೊಸದೊಂದು ಸಾಲಿತ್ತು: 'ಅನಗತ್ಯ ಎಂದು ಬರೆಯುವಾಗ ಪೆನ್ಸಿಲ್ಲು ಸ್ವಲ್ಪ ನಕ್ಕ ಹಾಗೆ ಕಾಣುತ್ತದೆ. ಯ ಒತ್ತಿನ ಬಾಲ ಅಲ್ಲಾಡಿದೆ.'

ಅವಳು ತಲೆಯೆತ್ತಲಿಲ್ಲ. ಎತ್ತಿದ್ದರೆ, ನಾಯಿಯ ಬೆನ್ನಿನ ಮೇಲೆ ಕೈಯಿಟ್ಟು ಗೋಡೆಯ ಕ್ಯಾಲೆಂಡರನ್ನು ಅತಿ ಆಸಕ್ತಿಯಿಂದ ಓದುತ್ತಿರುವವನಂತೆ ನಿಂತ ಅವನ ಓರೆನೋಟ ಸಿಕ್ಕಿಬಿಡುತ್ತಿತ್ತು. ಸಿಕ್ಕಿದರೆ ನಗಬೇಕಾಗುತ್ತಿತ್ತು.

ನಗುವುದಕ್ಕೆ ಅಡ್ಡಿಯೊಂದಿತ್ತು. ರೋಗಿಯ ಕಡೆಯವರಿಂದ ಅವಳು ಒಂದು ಲೋಟ ಟೀಯನ್ನೂ ಸ್ವೀಕರಿಸುವವಳಲ್ಲ. ಸಲಿಗೆ ಬೆಳೆದ ಕಡೆ ವೈದ್ಯರ ನಾಲಿಗೆ ಮೆತ್ತಗಾಗುತ್ತದೆ, ನಾಲಿಗೆ ಮೆತ್ತಗಾದಲ್ಲಿ ಪಥ್ಯ ಮುರಿಯುತ್ತದೆ, ಪಥ್ಯ ಮುರಿದಾಗ ನರಳುವುದು ಮಾತು ಬಾರದ ಜೀವ. ಈ ನಿಯಮವನ್ನು ಯಾರೂ ಅವಳ ಮೇಲೆ ಹೇರಿರಲಿಲ್ಲ. ತನಗೆ ತಾನೇ ಹಾಕಿಕೊಂಡದ್ದು. ಅದನ್ನು ಮುರಿಯುವ ಆಸೆಯಾದದ್ದು ಹನ್ನೊಂದು ವರ್ಷಗಳಲ್ಲಿ ಇದೇ ಮೊದಲು. ಆಸೆಯಾಯಿತೆಂಬುದೇ ಅವಳ ಸಿಡಿಮಿಡಿಗೆ ಸಾಕಾಗಿತ್ತು.

"ಶನಿವಾರ ಬಂದ್ರೆ ಸಾಕು, ನಿಮ್ಮ ಬಿಳಿ ಕೋಟು ಇಸ್ತ್ರಿ ಮಾಡಿಸಿಕೊಂಡು ಬಂದಿರುತ್ತಲ್ಲ ಡಾಕ್ಟ್ರೇ," ಎಂದಳು ಹೊರಗೆ ಕೌಂಟರಿನಲ್ಲಿ ಕೂರುವ ಅಕ್ಕ. ವೈದ್ಯೆ ಅವಳಿಗೆ ಹಳೆಯ ಫೈಲುಗಳನ್ನೆಲ್ಲ ಒಪ್ಪವಾಗಿ ಜೋಡಿಸುವ ಕೆಲಸ ಒಪ್ಪಿಸಿದಳು.

ಪಥ್ಯದ ಮೂರನೆಯ ವಾರ ಬೈಂಡರನ ಕಣ್ಣು ಮೇಜಿನ ಮೂಲೆಯಲ್ಲಿದ್ದ ದಪ್ಪ ಪುಸ್ತಕದ ಮೇಲೆ ಬಿತ್ತು. ಅವಳು ಓದುವ ಕಾಲದಿಂದ ಇಟ್ಟುಕೊಂಡಿದ್ದ ಚರ್ಮರೋಗಶಾಸ್ತ್ರದ ಗ್ರಂಥ. ಬೆನ್ನು ಮುರಿದು, ಹೊಲಿಗೆ ಬಿಟ್ಟು, ಹಾಳೆಗಳು ಉದುರದಂತೆ ಬ್ಯಾಂಡೇಜು ಬಟ್ಟೆಯಲ್ಲಿ ಸುತ್ತಿಸಿಕೊಂಡು ಕುಳಿತಿತ್ತು.

"ಇಷ್ಟೆಲ್ಲ ಜೀವಗಳನ್ನ ಗುಣ ಮಾಡ್ತೀರಿ. ಇದಕ್ಕೊಂದು ಪಟ್ಟಿ ಸುತ್ತಿ ಮೂಲೆಗೆ ತಳ್ಳಿದ್ದೀರಲ್ಲ," ಎಂದ. ಅವನ ದನಿಯಲ್ಲಿದ್ದ ನೋವು ನಿಜವಾದದ್ದಾಗಿತ್ತು.

ಅವಳು ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಷರತ್ತು ಹಾಕಿಯೇ ಪುಸ್ತಕವನ್ನು ಕೊಟ್ಟಳು. "ಎಲ್ಲರ ಪುಸ್ತಕಕ್ಕೆ ಹೇಗೆ ಮಾಡ್ತೀರೋ ಹಾಗೇ ಮಾಡಬೇಕು. ನನ್ನದು ಅಂತ ವಿಶೇಷ ಏನೂ ಬೇಡ. ಮಾತು ಕೊಡಿ."

ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. "ಆಯ್ತು," ಎಂದ. ಹಾಗೆ ಹೇಳುವಾಗ ಅವಳ ಮುಖವನ್ನು ಮಾತ್ರ ನೋಡಲಿಲ್ಲ.

ನಾಲ್ಕನೆಯ ವಾರ ತುರಿಕೆ ಐದಕ್ಕಿಳಿಯಿತು, ಐದನೆಯ ವಾರ ಎರಡಕ್ಕೆ. ರಟ್ಟು ಆಸ್ಪತ್ರೆಯ ನೆಲದ ಮೇಲೆ ನಾಲ್ಕೂ ಕಾಲುಗಳನ್ನು ಮೇಲೆತ್ತಿ ನಿದ್ದೆ ಹೋಯಿತು. ಹೊಟ್ಟೆಯ ಮೇಲೆ ಹೊಸ ರೋಮ ಮೂಡಿತ್ತು, ಹುಣಸೆ ಬೀಜದಷ್ಟಗಲ, ರೇಷ್ಮೆಯಷ್ಟು ನುಣುಪು. ಅದನ್ನು ತೋರಿಸಲು ಅವಳ ಬೆರಳು ಹೋದಲ್ಲಿಗೇ ನೋಡಲು ಅವನ ಬೆರಳೂ ಹೋಯಿತು. ಇಬ್ಬರೂ ಕೈ ಹಿಂದಕ್ಕೆಳೆದುಕೊಂಡರು. ಎಳೆದುಕೊಳ್ಳುವುದರಲ್ಲಿ ಇಬ್ಬರೂ ಒಂದಿಷ್ಟು ತಡ ಮಾಡಿದರು. ರಟ್ಟು ಒಂದು ಕಣ್ಣು ತೆರೆದು, ಏಕೆ ನಿಲ್ಲಿಸಿದಿರಿ ಎಂಬಂತೆ ಇಬ್ಬರನ್ನೂ ನೋಡಿತು.

ಆ ವಾರವೆಲ್ಲ ವೈದ್ಯೆಯ ನಲ್ಲಿ ಸದ್ದು ಮಾಡಲಿಲ್ಲ.

ಪಥ್ಯದ ಆರನೆಯ ಶನಿವಾರ ರಟ್ಟು ಒಳಗೆ ಬಂದದ್ದು ಮೂರು ಕಾಲಿನಲ್ಲಿ, ನಾಲ್ಕನೆಯದು ಕಿವಿಯಲ್ಲಿತ್ತು. ಪಾದಗಳು ಕಂದು, ಕಿವಿಯೊಳಗೆ ಬೆಂಕಿ, ಹೊಸ ರೋಮವಿದ್ದಲ್ಲಿ ಉಗುರಿನ ಗೀರು. ತುರಿಕೆ ಏಳು.

ವೈದ್ಯೆ ಒಂದೊಂದಾಗಿ ಕೇಳುತ್ತ ಹೋದಳು. ಮೀನು ಅದೇ ಜಾತಿಯದೇ? ಅದೇ. ಗೆಣಸಿಗೆ ಎಣ್ಣೆ? ಇಲ್ಲ. ಕಸದ ಬುಟ್ಟಿ? ಮುಚ್ಚಳಕ್ಕೆ ಕಲ್ಲು ಹೇರಿದೆ. ಪಕ್ಕದ ಮನೆಯವರು? ಎಲ್ಲರಿಗೂ ಹೇಳಿದ್ದೇನೆ. ದೊಡ್ಡಮ್ಮ? ಅವರು ಚಪ್ಪಲಿಯನ್ನೂ ಅಟ್ಟದ ಮೇಲಿಟ್ಟಿದ್ದಾರೆ. ಉತ್ತರಗಳೆಲ್ಲ ಕಡ್ಡಿ ತುಂಡು ಮಾಡಿದ ಹಾಗೆ ಬಂದವು. ಅವಳು ಪಥ್ಯದ ಪುಸ್ತಕವನ್ನು ತೆರೆದಳು. ಆ ವಾರದ ಸಾಲುಗಳು ಬೋಳಾಗಿದ್ದವು. ಮೀನು, ಗೆಣಸು, ಮೀನು, ಗೆಣಸು. ಒಂದು ನೋಟವಿಲ್ಲ, ಒಂದು ಕೀಟಲೆಯಿಲ್ಲ. ಮುಚ್ಚಿಡುವವರ ಬರಹ ಹೇಗಿರುತ್ತದೆಂದು ಹನ್ನೊಂದು ವರ್ಷ ಓದಿ ಬಲ್ಲವಳು ಅವಳು.

"ಸಂಜೆ ಹೊತ್ತು ಏನ್ ಮಾಡ್ತಿದ್ರಿ?"

ಅವನ ಕಿವಿ ಕೆಂಪಾಯಿತು. "ಕೆಲಸ ಇತ್ತು."

"ಯಾವ ಕೆಲಸ? ಪ್ರತಿ ವಾರ ಪುಟ ತುಂಬಾ ಬರೀತಿದ್ರಿ. ಈ ವಾರ ಏನೂ ಬರೆದಿಲ್ಲ."

"ಅದನ್ನ... ಈಗ ಹೇಳೋಕೆ ಆಗಲ್ಲ, ಡಾಕ್ಟ್ರೇ. ಮುಂದಿನ ವಾರ ಹೇಳ್ತೀನಿ. ಅದಕ್ಕೂ ರಟ್ಟುಗೂ ಸಂಬಂಧ ಇಲ್ಲ."

ಸಂಬಂಧವಿದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸುವವರು ಯಾರು? ಅವಳ ಗಂಟಲಿನವರೆಗೆ ಬಂದ ಸಿಟ್ಟು ಅಲ್ಲಿಯೇ ತಣ್ಣಗಾಯಿತು; ಸಿಟ್ಟು ತಣ್ಣಗಾದಾಗಲೇ ಅವಳು ಹೆಚ್ಚು ಕಠಿಣಳು. ಸುಳ್ಳು ಹೇಳಿದ್ದು ಇನ್ನಾರೋ ಆಗಿದ್ದರೆ ಮತ್ತೊಂದು ಅವಕಾಶ ಕೊಡುತ್ತಿದ್ದಳು. ಇವನನ್ನು ಅವಳು ಇನ್ನಾರೋ ಎಂದು ಎಣಿಸಿರಲಿಲ್ಲ. ಅದೇ ಅವನ ಅಪರಾಧವನ್ನು ಇಮ್ಮಡಿಗೊಳಿಸಿತ್ತು.

ರಟ್ಟುವಿನ ಕೇಸ್ ಕಾರ್ಡನ್ನು ತೆಗೆದು, ಪೋಷಕರು ಎಂದಿದ್ದ ಕಡೆ ಅವನ ಹೆಸರಿನ ಮೇಲೆ ಮರದ ಸ್ಕೇಲನ್ನಿಟ್ಟು, ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಳು. "ಬೇರೆ ಡಾಕ್ಟರಿಗೆ ಪತ್ರ ಬರೆದಿಡ್ತೀನಿ. ಬಂದು ತಗೊಂಡು ಹೋಗಿ. ನನಗೆ ಸುಳ್ಳು ಹೇಳೋರ ಜೊತೆ ನಾನು ಕೆಲಸ ಮಾಡಲ್ಲ."

ಬೈಂಡರ್ ಆ ಗೆರೆಯನ್ನು ಬಹಳ ಹೊತ್ತು ನೋಡಿದ. "ನಾನು ಬರೆಯದೆ ಬಿಟ್ಟದ್ದು ಒಂದಿದೆ," ಎಂದ ನಿಧಾನವಾಗಿ. "ಸುಳ್ಳು ಬರೆದದ್ದು ಒಂದೂ ಇಲ್ಲ."

"ಬರೆಯದೆ ಬಿಡೋದೂ ಸುಳ್ಳೇ."

ಅವನು ನಾಯಿಯ ಹಗ್ಗ ಹಿಡಿದ. ಬಾಗಿಲ ಬಳಿ ರಟ್ಟು ಹಿಂದಿರುಗಿ ನೋಡಿತು. ಅವನು ನೋಡಲಿಲ್ಲ.

ಮರುವಾರ ಏನನ್ನು ಮುಟ್ಟಿದರೂ ಸಿಡುಕು. ಕತ್ತರಿ ಮೊಂಡು, ಬೆಳಕು ಮಂದ, ಫ್ಯಾನು ಕಿರುಗುಡುತ್ತಿತ್ತು. ಒಬ್ಬಾತ ನಾಯಿಗೆ ಕದ್ದು ಬೆಣ್ಣೆ ತಿನ್ನಿಸಿದ್ದನ್ನು ನಗುನಗುತ್ತ ಒಪ್ಪಿಕೊಂಡಾಗ, ಮೊದಲ ಬಾರಿಗೆ ಅವಳಿಗೆ ಕೋಪವೂ ಬರಲಿಲ್ಲ. ಕಡೆಯ ಪಕ್ಷ ಇವನು ಒಪ್ಪಿಕೊಂಡನಲ್ಲ ಎನ್ನಿಸಿತು. ಬೈಂಡರನ ದಿನಚರಿ ಅವಸರದಲ್ಲಿ ಅವಳ ಮೇಜಿನ ಮೇಲೆಯೇ ಉಳಿದಿತ್ತು. ಅದನ್ನು ಡ್ರಾಯರಿನಲ್ಲಿ ಹಾಕಿದಳು. ತೆಗೆದಳು. ತಪ್ಪು ಎಲ್ಲಿದೆಯೆಂದು ಹುಡುಕುವ ನೆಪದಲ್ಲಿ ಮೊದಲ ಪುಟದಿಂದ ಓದಿದಳು. ನೋಟದ ಸಾಲಿನ ಬಳಿ ಬಂದಾಗ ಹುಡುಕಾಟ ನಿಂತುಹೋಯಿತು. ನ್ಯಾಯವಾಗಿ ನಡೆದುಕೊಂಡವಳಿಗೆ ನೆಮ್ಮದಿಯಿರಬೇಕಲ್ಲವೇ? ಇರಲಿಲ್ಲ. ಇದು ಯಾವ ಲೆಕ್ಕ ಎಂದು ಅವಳಿಗೆ ತಿಳಿಯದು. ತಿಳಿಯದಿರುವುದು ಇನ್ನಷ್ಟು ಕೆರಳಿಸಿತು.

ಶನಿವಾರ ಕೋಟಿಗೆ ಇಸ್ತ್ರಿಯಿರಲಿಲ್ಲ. ಕೌಂಟರಿನ ಅಕ್ಕ ಅದನ್ನು ನೋಡಿಯೂ ಏನೂ ಅನ್ನಲಿಲ್ಲ. ಅವಳ ಆ ಮೌನವನ್ನು ತಾಳಿಕೊಳ್ಳುವುದು ಇನ್ನೂ ಕಷ್ಟವಾಯಿತು.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ದಡಾರನೆ ತೆರೆಯಿತು. ಒಂದು ಕೈಯಲ್ಲಿ ರಟ್ಟುವಿನ ಹಗ್ಗ, ಇನ್ನೊಂದು ಕಂಕುಳಲ್ಲಿ ಕಾಗದ ಸುತ್ತಿದ ಪೊಟ್ಟಣ ಹಿಡಿದು ಬಂದ ಹೆಂಗಸಿಗೆ ಅರವತ್ತು ದಾಟಿತ್ತು. ಕಾಲಲ್ಲಿ ಹೊಸ ಚಪ್ಪಲಿಯಿತ್ತು. ತಾನು ಯಾರೆಂದು ಆಕೆ ಹೇಳಬೇಕಾಗಿರಲಿಲ್ಲ.

"ನೀವೇನಮ್ಮ ಆ ಡಾಕ್ಟ್ರಮ್ಮ," ಎಂದು ದೊಡ್ಡಮ್ಮ ಕುರ್ಚಿಯ ಮೇಲೆ ಪೊಟ್ಟಣವನ್ನಿಟ್ಟರು. "ಅದೇನೋ ಕಾಗದ ಕೊಡ್ತೀರಂತಲ್ಲ, ಕೊಡಿ. ಅವನು ಬರಲ್ಲ ಅಂದ. ವಾರದಿಂದ ಮನೇಲಿ ಇಬ್ಬರು ಕೂತಿದ್ದಾರೆ. ಒಬ್ಬ ಮೈ ಕೆರ್ಕೋತಾನೆ, ಇನ್ನೊಬ್ಬ ತಲೆ ಕೆರ್ಕೋತಾನೆ. ನನಗೆ ಯಾರಿಗೆ ಮದ್ದು ಹಾಕಬೇಕು ಗೊತ್ತಾಗ್ತಿಲ್ಲ."

ವೈದ್ಯೆ ತನ್ನ ಕರ್ತವ್ಯವನ್ನು ವಿವರಿಸಲು ಬಾಯಿ ತೆರೆದಳು. ದೊಡ್ಡಮ್ಮ ಅದಕ್ಕೆ ಎಡೆ ಕೊಡಲಿಲ್ಲ. ತಾಯಿಯಿಲ್ಲದ ಮಗುವನ್ನು ಮೂರು ವರ್ಷದವನಿದ್ದಾಗಿನಿಂದ ಸಾಕಿದವರು ತಾವು. ಅವನು ಸುಳ್ಳು ಹೇಳಲು ಹೊರಟರೆ ಕಿವಿ ಮೊದಲೇ ಹೇಳಿಬಿಡುತ್ತದೆ. ಸಕ್ಕರೆ ಕದ್ದ ದಿನವೂ ಡಬ್ಬಿ ಹಿಡಿದುಕೊಂಡೇ ಬಂದು ನಿಂತಿದ್ದ. ಅಂಥವನ ಮುಖಕ್ಕೆ ಹೊಡೆದ ಹಾಗೆ ಮಾತಾಡಲು ಇವಳಿಗೆ ಹೇಗೆ ಮನಸ್ಸು ಬಂತು ಎಂದು ಒಂದೇ ಉಸಿರಿನಲ್ಲಿ ಕೇಳಿದರು. ವೈದ್ಯೆಯ ಕಣ್ಣು ದೊಡ್ಡಮ್ಮನ ಹಿಂದಿದ್ದ ಕುರ್ಚಿಯ ಮೇಲೆ ನೆಟ್ಟಿತ್ತು.

ರಟ್ಟು ಮುಂಗಾಲುಗಳನ್ನು ಕುರ್ಚಿಯ ಮೇಲಿಟ್ಟು, ಪೊಟ್ಟಣದ ಕಾಗದವನ್ನು ಹಲ್ಲಿನಿಂದ ಬದಿಗೆ ಸರಿಸಿ, ಒಳಗಿನ ಪುಸ್ತಕದ ಬೆನ್ನನ್ನು ನೆಕ್ಕುತ್ತಿತ್ತು. ಕಣ್ಣು ಅರೆಮುಚ್ಚಿತ್ತು. ಬಟ್ಟಲಿನ ತಳವನ್ನು ನೆಕ್ಕುವಂಥ ಶ್ರದ್ಧೆ.

ವೈದ್ಯೆ ಎದ್ದು ಬಂದು ಪುಸ್ತಕವನ್ನು ಕಸಿದುಕೊಂಡಳು. ಅದು ಅವಳದೇ ಗ್ರಂಥ. ಕಡುಹಸಿರು ಬಟ್ಟೆಯ ಹೊದಿಕೆ, ಬಿಗಿಯಾದ ಹೊಸ ಹೊಲಿಗೆ, ಹರಿದಿದ್ದ ಒಂದೊಂದು ಹಾಳೆಯ ಅಂಚಿಗೂ ತೆಳುಕಾಗದದ ತೇಪೆ. ಬೆನ್ನಿನ ಬಟ್ಟೆ ಒದ್ದೆಯಾಗಿತ್ತು. ಅವಳು ಅದನ್ನು ಮೂಗಿನ ಬಳಿ ಹಿಡಿದಳು. ಮೂಳೆ ಕುದಿಸಿದ ಸಾರಿನ ವಾಸನೆ.

"ಇದಕ್ಕೆ ಏನು ಹಚ್ಚಿದ್ದಾರೆ?"

"ಸರೇಸು," ಎಂದರು ದೊಡ್ಡಮ್ಮ. "ದನದ ಚರ್ಮ, ಮೂಳೆ ಕುದಿಸಿ ಮಾಡೋ ಅಂಟು. ನಮ್ಮ ಯಜಮಾನರ ಕಾಲದ್ದು. ಅವರು ಹೋದ ಮೇಲೆ ಆ ತಾಮ್ರದ ಪಾತ್ರೆ ಒಲೆ ಮೇಲೆ ಏರಿರಲಿಲ್ಲ. ಎಲ್ಲಾದಕ್ಕೂ ಬಿಳೀ ಗಮ್ಮೇ ಹಾಕ್ತಿದ್ದ. ನಿಮ್ಮ ಪುಸ್ತಕ ಬಂತು ನೋಡಿ, ಅಟ್ಟದಿಂದ ಇಳಿಸಿದ. ಯಾಕೋ ಅಂದ್ರೆ, ಬಿಳೀ ಗಮ್ಮು ಒಂದ್ಸಲ ಹಿಡಿದ್ರೆ ಆಯ್ತು, ಮುಂದೆ ಬಿಚ್ಚಬೇಕಾದ್ರೆ ಹಾಳೆ ಹರಿಯುತ್ತೆ, ಇದಾದ್ರೆ ಬಿಸಿನೀರಿಗೆ ಬಿಡುತ್ತೆ, ಪುಸ್ತಕ ನೂರು ವರ್ಷ ಇರುತ್ತೆ ಅಂದ. ನಾಲ್ಕು ಸಂಜೆ ಕೂತು ಮಾಡಿದ. ನಿಮಗೆ ಹೇಳಬಾರದು, ವಿಶೇಷ ಮಾಡಬೇಡಿ ಅಂದಿದ್ದಾರೆ, ಬೈತಾರೆ ಅಂತ ನನ್ನ ಬಾಯಿಗೂ ಬೀಗ ಹಾಕಿದ್ದ."

"ನಾಯಿ ಎಲ್ಲಿರ್ತಿತ್ತು?" ಉತ್ತರ ಗೊತ್ತಿದ್ದೂ ಕೇಳಿದಳು.

"ಇನ್ನೆಲ್ಲಿ? ಮೇಜಿನ ಕೆಳಗೆ. ಅವನ ಬೆರಳು ನೆಕ್ತಾ."

ವೈದ್ಯೆ ಗೋಡೆಯ ಮೇಲಿದ್ದ ತನ್ನ ಇಪ್ಪತ್ತೊಂದು ನಿಷೇಧಗಳ ಪಟ್ಟಿಯನ್ನು ನೋಡಿದಳು. ತಿನ್ನುವ ವಸ್ತುಗಳೆಲ್ಲ ಅದರಲ್ಲಿದ್ದವು. ಮನುಷ್ಯನ ಕಸುಬು ಅವನ ಕೈಗೆ ಏನನ್ನು ಹಚ್ಚುತ್ತದೆ ಎಂಬ ಪ್ರಶ್ನೆಯೇ ಇರಲಿಲ್ಲ. ಅವನನ್ನು ಸಂಜೆಯ ಬಗ್ಗೆ ಕೇಳಿದವಳು ಕೈಯ ಬಗ್ಗೆ ಕೇಳಲಿಲ್ಲ. ಇಷ್ಟೂ ಶನಿವಾರ ಕಣ್ಣೆದುರಿಗಿದ್ದ ಬೆರಳುಗಳವು. ಅವನ್ನು ನೋಡಲಿಲ್ಲವೆಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ನೋಡಿದ್ದಳು. ವೈದ್ಯೆಯಾಗಿ ನೋಡಿರಲಿಲ್ಲ, ಅಷ್ಟೇ.

ಪಥ್ಯದ ಪುಸ್ತಕ, ಕೆಂಪು ಪೆನ್ಸಿಲ್, ಕೇಸ್ ಕಾರ್ಡ್ ಮೂರನ್ನೂ ಚೀಲಕ್ಕೆ ಹಾಕಿ ಅವಳು ಕೋಟಿನಲ್ಲಿಯೇ ಹೊರಟಳು. ಕೌಂಟರಿನ ಅಕ್ಕ ಎಲ್ಲಿಗೆಂದು ಕೇಳಲಿಲ್ಲ. ಕಾಯುತ್ತಿದ್ದವರಿಗೆ, ಡಾಕ್ಟರು ತುರ್ತು ಕೇಸಿಗೆ ಹೋಗಿದ್ದಾರೆಂದು ತಾನಾಗಿಯೇ ಹೇಳಿದಳು.

ಬೈಂಡರನ ಅಂಗಡಿ ಉದ್ದನೆಯ ಒಂದೇ ಕೋಣೆ. ಒಂದು ಗೋಡೆಗೆ ಬಟ್ಟೆಯ ಸುರುಳಿಗಳು, ಇನ್ನೊಂದಕ್ಕೆ ಒತ್ತುವ ಯಂತ್ರ, ನೆಲದ ತುಂಬ ಕತ್ತರಿಸಿದ ಕಾಗದದ ಎಳೆಗಳು. ಅವನು ಕಿಟಕಿಯ ಬಳಿ ಕುಳಿತು ಯಾವುದೋ ರಿಜಿಸ್ಟರಿಗೆ ಹೊಲಿಗೆ ಹಾಕುತ್ತಿದ್ದ. ಬಾಗಿಲಲ್ಲಿ ಬಿಳಿಯ ಕೋಟನ್ನು ಕಂಡು ಸೂಜಿ ನಿಂತಿತು. ಅವಳ ಹಿಂದೆ ರಟ್ಟುವನ್ನು ಹಿಡಿದುಕೊಂಡು ಬಂದ ದೊಡ್ಡಮ್ಮನನ್ನು ನೋಡಿ ಗುಟ್ಟು ಹೊರಬಿತ್ತೆಂದು ಅವನಿಗೆ ಗೊತ್ತಾಯಿತು.

"ನೀವು ಮಾತು ತಪ್ಪಿದ್ರಿ," ಎಂದಳು ವೈದ್ಯೆ. ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದು ಕ್ಷಮೆಯ ಮಾತು; ನಾಲಿಗೆಗೆ ಬಂದದ್ದು ಇದು.

"ತಪ್ಪಿದೆ," ಎಂದ ಅವನು. "ಎಲ್ಲರ ಪುಸ್ತಕದ ಹಾಗೆ ಮಾಡೋಣ ಅಂತಲೇ ಕೂತೆ. ಪುಟದ ಅಂಚಿನಲ್ಲೆಲ್ಲ ನಿಮ್ಮ ಅಕ್ಷರ ಇತ್ತು. ಓದೋ ಕಾಲದ್ದು. ಒಂದು ಕಡೆ 'ಈ ಲೇಖಕರು ನಾಯಿಯನ್ನು ಮುಟ್ಟಿ ನೋಡಿಲ್ಲ' ಅಂತ ಬರೆದಿದ್ದೀರಿ. ಅದನ್ನ ಓದಿದ ಮೇಲೆ ಬಿಳೀ ಗಮ್ ಹಚ್ಚೋಕೆ ಕೈ ಬರಲಿಲ್ಲ."

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆದು ಸರೇಸಿನ ವಿಷಯವನ್ನು ಹೇಳಿದಳು. ಅವನ ಮುಖ ಬಿಳುಪೇರಿತು. ಅವನು ಮೊದಲು ತನ್ನ ಬೆರಳುಗಳನ್ನು ನೋಡಿಕೊಂಡ, ಆಮೇಲೆ ರಟ್ಟುವನ್ನು. ಕುರ್ಚಿಯಿಂದಿಳಿದು ಕಾಗದದ ಎಳೆಗಳ ನಡುವೆ ಮೊಣಕಾಲೂರಿ ಅದರ ಕೆಂಪಾದ ಕಿವಿಯನ್ನು ಹಿಡಿದುಕೊಂಡ.

"ನಾನೇ ತಿನ್ನಿಸಿದೆ," ಎಂದ.

ವೈದ್ಯೆ ಹೊಲಿಗೆಯ ಮೇಜಿನ ಮೇಲೆ ಪಥ್ಯದ ಪುಸ್ತಕವನ್ನು ತೆರೆದು, ಆರನೆಯ ವಾರದ ಬೋಳು ಸಾಲುಗಳ ಕೆಳಗೆ ಬರೆದಳು. ಬರೆದದ್ದನ್ನು ಅವನತ್ತ ತಿರುಗಿಸಿ ಹಿಡಿದಳು: 'ಬಾಯಿಗೆ ಹೋದದ್ದು: ಸರೇಸು, ನಾಲ್ಕು ಸಂಜೆ. ಕಾರಣ: ವೈದ್ಯೆಯ ಪುಸ್ತಕ. ತಪ್ಪು: ವೈದ್ಯೆಯದು.'

ಅವನು ಎದ್ದು ಓದಿದ. ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಕೊನೆಯಲ್ಲಿ ಸೇರಿಸಿದ: 'ಅರ್ಧ. ಉಳಿದರ್ಧ: ಬೈಂಡರನದು.'

"ನಿಮ್ಮನ್ನ ಸುಳ್ಳುಗಾರ ಅಂದೆ," ಎಂದಳು ಅವಳು. ಜೋಡಿಸಿಟ್ಟಿದ್ದ ಮಾತುಗಳಲ್ಲಿ ಉಳಿದದ್ದು ಅದೊಂದೇ. "ನನಗೆ ಸಿಗೋರೆಲ್ಲ ಹೇಳ್ತಾರೆ, ಅಭ್ಯಾಸ ಆಗಿಹೋಗಿದೆ. ಆದ್ರೆ ನೀವು ಹೇಳಿದ್ರಿ ಅಂತ ಅನ್ನಿಸಿದಾಗ ಮಾತ್ರ... ಅಷ್ಟು ನೋವಾಗಬಾರದಿತ್ತು. ಬರೀ ಡಾಕ್ಟರಿಗೆ ಅಷ್ಟು ನೋವಾಗಲ್ಲ."

ಅವನು ಅವಳನ್ನು ನೋಡಿದ. ಕ್ಯಾಲೆಂಡರಿನ ಮರೆಯಿಲ್ಲದೆ, ಓರೆಯಿಲ್ಲದೆ ನೋಡಿದ್ದು ಇದೇ ಮೊದಲು.

"ಬೇಕಾದ್ರೆ ಬಿಚ್ಚಿಬಿಡ್ತೀನಿ ಆ ಪುಸ್ತಕಾನ," ಎಂದ. "ಬಿಸಿನೀರು ಸಾಕು. ಬಿಳೀ ಗಮ್ಮಿನಲ್ಲಿ ಕಟ್ಟಿಕೊಡ್ತೀನಿ."

"ಬಿಚ್ಚಬೇಡಿ. ಬೀರುವಿನಲ್ಲಿಡ್ತೀನಿ, ಎತ್ತರದಲ್ಲಿ. ಆ ತಾಮ್ರದ ಪಾತ್ರೆ ವಾಪಸ್ ಅಟ್ಟಕ್ಕೆ ಹೋಗಲಿ." ಅವಳ ದನಿ ಮತ್ತೆ ಆಸ್ಪತ್ರೆಯದಾಯಿತು. ದನದ ಮಾಂಸವೇ ರಟ್ಟುವಿನ ಶತ್ರುವಾಗಿರಬೇಕು. ಹಳೆಯ ಬಿಸ್ಕತ್ತಿನಲ್ಲಿಯೂ ಅದೇ ಇತ್ತು. ಆದರೆ ಅನುಮಾನ ಬೇರೆ, ತೀರ್ಮಾನ ಬೇರೆ. ಪಥ್ಯ ಮತ್ತೆ ಮೊದಲ ದಿನದಿಂದ, ಪೂರ್ತಿ ಎಂಟು ವಾರ. ಮಾತ್ರೆಯ ಮಾತು ಸದ್ಯಕ್ಕಿಲ್ಲ.

ಹೇಳುತ್ತಲೇ ಅವಳು ಕೇಸ್ ಕಾರ್ಡನ್ನು ತೆಗೆದಳು. ಅವನ ಹೆಸರಿನ ಮೇಲೆ ಎಳೆದಿದ್ದ ಕೆಂಪು ಗೆರೆ ಹಾಗೆಯೇ ಇತ್ತು. ಅದನ್ನು ಅಳಿಸುವಳೆಂದು ಅವನು ಕಾದ. ಅವಳು ಅಳಿಸಲಿಲ್ಲ. ಗೆರೆಯ ಮುಂದೆ, ಪೋಷಕರು ಎಂದಿದ್ದಲ್ಲಿ, ದುಂಡಗೆ ಬರೆದಳು: 'ದೊಡ್ಡಮ್ಮ.'

ಅವನ ಮುಖ ಮತ್ತೆ ಇಳಿಯಿತು. "ಅಂದ್ರೆ ನಾನು ಇನ್ನೂ..."

"ನೀವು ಇನ್ನು ಮೇಲೆ ರೋಗಿಯ ಕಡೆಯವರಲ್ಲ," ಎಂದಳು ಕಾರ್ಡಿನಿಂದ ಕಣ್ಣೆತ್ತದೆ. ಅವಳ ಕಿವಿಯೂ ಕೆಂಪಾಗಬಲ್ಲದೆಂದು ಅಂದು ಆ ಕೋಣೆಗೆ ಗೊತ್ತಾಯಿತು. "ರೋಗಿಯ ಕಡೆಯವರಿಂದ ನಾನು ಟೀ ಕೂಡ ಕುಡಿಯಲ್ಲ. ಅದು ನನ್ನ ನಿಯಮ."

ಸೂಜಿಯ ಕಣ್ಣಿಗೆ ದಾರ ಪೋಣಿಸುವವನಿಗೆ ಇಷ್ಟು ದೊಡ್ಡ ವಿಷಯ ಕಾಣಲಿಲ್ಲ. ಮೊದಲು ಅರ್ಥವಾದದ್ದು ದೊಡ್ಡಮ್ಮನಿಗೆ.

"ಹಾಗಾದ್ರೆ ನಾನು ಮಾಡಿದ ಟೀ ನೀವು ಕುಡಿಯೋ ಹಾಗಿಲ್ಲ," ಎಂದರು.

"ಇಲ್ಲ ದೊಡ್ಡಮ್ಮ. ಕ್ಷಮಿಸಬೇಕು."

"ಕೇಳಿಸ್ತೇನೋ ಮಂಕೇ?" ಎಂದು ದೊಡ್ಡಮ್ಮ ಅವನ ಬೆನ್ನಿಗೊಂದು ತಟ್ಟಿದರು. "ನಾನು ಮಾಡಿದ್ರೆ ಕುಡಿಯಲ್ವಂತೆ. ನೀನು ಹೋಗಿ ಒಲೆ ಹಚ್ಚು."

ಆಗ ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದ ಮೇಲೆ ಹರಡುತ್ತ ಹೋದ ಬಗೆಯನ್ನು ವೈದ್ಯೆ ಈ ಸಲ ತಲೆಯೆತ್ತಿಯೇ ನೋಡಿದಳು. ಅವನು ಒಳಗಿನ ಅಡುಗೆಮನೆಗೆ ಹೋದ. ನಲ್ಲಿ ತಿರುಗಿಸಿದ ಸದ್ದು ಬಂತು. ಸಾಬೂನು ಹಚ್ಚಿ, ಒಂದೊಂದು ಬೆರಳನ್ನೂ ಬಿಡದೆ, ಬಹಳ ಹೊತ್ತು ಕೈ ತೊಳೆಯುತ್ತಿದ್ದ.

ಟೀ ತಂದಿಟ್ಟು ಅವನು ಪಥ್ಯದ ಪುಸ್ತಕದಲ್ಲಿ ಹೊಸ ಪುಟವನ್ನು ತಿರುವಿದ. 'ಶನಿವಾರ. ಮೊದಲ ದಿನ. ಸಂಜೆ: ಮೀನು, ಗೆಣಸು, ಒಂದು ನೋಟ. ಈ ನೋಟ ರಟ್ಟುವಿನದಲ್ಲ.'

ವೈದ್ಯೆ ಕೆಂಪು ಪೆನ್ಸಿಲ್ ಎತ್ತಿಕೊಂಡಳು. ಅನಗತ್ಯ ಎಂದು ಬರೆಯಲಿಲ್ಲ. ಆ ಸಾಲಿನ ಪಕ್ಕದಲ್ಲಿ, ಲೆಕ್ಕ ಸರಿಬಂದ ಮಗುವಿನ ಸ್ಲೇಟಿನ ಮೇಲೆ ಮೇಷ್ಟರು ಹಾಕುವಷ್ಟು ದೊಡ್ಡದಾಗಿ, ಒಂದು ರೈಟ್ ಮಾರ್ಕ್ ಹಾಕಿದಳು. ಅದರ ಬಾಲ ಕಾಲಮ್ಮಿನ ಗೆರೆಯನ್ನು ದಾಟಿ ಹೋಯಿತು. ಸ್ಕೇಲು ತೆಗೆದು ಅದನ್ನು ಸರಿಪಡಿಸಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.